ಎಸ್ತೇರಳ ಕಥೆ ಎರಡು ಸಲ: ಒಂದು ಬಹುಮಾನ ಪಟ್ಟಿಯ ಪ್ರಕರಣ

2015ರ ಮಾರ್ಚ್‌ನಲ್ಲಿ ಅಮೆರಿಕದ ಪ್ರೇಮಕಾದಂಬರಿಕಾರರ ಸಂಘ ತನ್ನ ವಾರ್ಷಿಕ ಬಹುಮಾನದ ಅಂತಿಮ ಪಟ್ಟಿ ಹೊರಡಿಸಿತು. ಸಂಘದ ಹೆಸರು ರೊಮ್ಯಾನ್ಸ್ ರೈಟರ್ಸ್ ಆಫ್ ಅಮೆರಿಕ. ಬಹುಮಾನದ ಹೆಸರು ರೀಟಾ. ಸಂಘದ ಮೊದಲ ಅಧ್ಯಕ್ಷೆ ರೀಟಾ ಕ್ಲೇ ಎಸ್ಟ್ರಾಡಾ ಅವರ ಗೌರವಕ್ಕೆ ಇಟ್ಟ ಹೆಸರು. ಅಲ್ಲಿ ಪ್ರೇಮಕಥೆ ಬರೆಯುವವರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ. ಆ ಪಟ್ಟಿಯಲ್ಲಿ ಕೇಟ್ ಬ್ರೆಸ್ಲಿನ್ ಅವರ 'ಫಾರ್ ಸಚ್ ಎ ಟೈಮ್' ಎರಡು ಕಡೆ ಕಾಣಿಸಿಕೊಂಡಿತ್ತು. ಒಂದು, ಚೊಚ್ಚಲ ಕೃತಿಗಳ ವಿಭಾಗ. ಇನ್ನೊಂದು, ದೇವರ ಮೇಲಿನ ನಂಬಿಕೆಯೂ ಪ್ರೇಮದ ಜೊತೆ ಸಾಗುವ ಕಥೆಗಳ ವಿಭಾಗ. ಇದಕ್ಕೆ ಅಲ್ಲಿ ಇನ್‌ಸ್ಪಿರೇಷನಲ್ ಅಂತಾರೆ. ಹೆಚ್ಚಿನವು ಕ್ರೈಸ್ತ ಓದುಗರಿಗಾಗಿ ಬರುವ ಪುಸ್ತಕಗಳು. ಇದನ್ನೂ 2014ರಲ್ಲಿ ಹೊರತಂದದ್ದು ಬೆಥನಿ ಹೌಸ್ ಎಂಬ ಕ್ರೈಸ್ತ ಪ್ರಕಾಶನವೇ.

ಕಥೆ ಹೀಗಿದೆ. ಎರಡನೇ ಮಹಾಯುದ್ಧದ ಕಾಲ. ಹದಸ್ಸಾ ಬೆಂಜಮಿನ್ ಎಂಬ ಯಹೂದಿ ಹುಡುಗಿ. ಹೊಂಬಣ್ಣದ ಕೂದಲು, ನೀಲಿ ಕಣ್ಣು. ಸ್ಟೆಲ್ಲಾ ಮುಲ್ಲರ್ ಎಂಬ ಸುಳ್ಳು ಹೆಸರಿನಲ್ಲಿ ಬದುಕುತ್ತಿದ್ದಾಳೆ. ನಾಜಿಗಳ ಡಾಖಾವ್ ಶಿಬಿರದಲ್ಲಿ ಇನ್ನೇನು ಗುಂಡಿಗೆ ಬಲಿಯಾಗಬೇಕು, ಅಷ್ಟರಲ್ಲಿ ಹಿಟ್ಲರನ ಎಸ್‌ಎಸ್ ಪಡೆಯ ಒಬ್ಬ ಅಧಿಕಾರಿ ಅವಳನ್ನು ಉಳಿಸುತ್ತಾನೆ. ಅವನು ಥೆರೆಸಿಯನ್‌ಸ್ಟಾಟ್ ಶಿಬಿರದ ಮುಖ್ಯಾಧಿಕಾರಿ. ಅವಳನ್ನು ಕರೆದುಕೊಂಡು ಹೋಗಿ ತನ್ನ ಕಾರ್ಯದರ್ಶಿಯಾಗಿ ಇಟ್ಟುಕೊಳ್ಳುತ್ತಾನೆ. ಇಬ್ಬರ ನಡುವೆ ಪ್ರೀತಿ ಹುಟ್ಟುತ್ತದೆ. ನಡುನಡುವೆ ಒಂದು ಬೈಬಲ್ ಅವಳ ಕೈಗೆ ಸಿಗುತ್ತಲೇ ಇರುತ್ತದೆ. ಕೊನೆಗೆ ಅಧಿಕಾರಿ ಬದಲಾಗುತ್ತಾನೆ. ಅವಳು ಕ್ರಿಸ್ತನ ಕಡೆಗೆ ತಿರುಗುತ್ತಾಳೆ. ಪ್ರೇಮಕಥೆ ಸುಖಾಂತ.

ಇದು ಬೈಬಲಿನ ಎಸ್ತೇರಳ ಕಥೆಯನ್ನು ಹೊಸ ಕಾಲಕ್ಕೆ ಹೊಂದಿಸಿದ್ದು. ಎಸ್ತೇರಳ ಹೀಬ್ರೂ ಹೆಸರೇ ಹದಸ್ಸಾ. ಕನ್ನಡ ಬೈಬಲಿನಲ್ಲಿ ಈ ಪುಸ್ತಕ ಓದಿದವರಿಗೆ ಗೊತ್ತಿರುತ್ತೆ: ಪರ್ಷಿಯಾದ ರಾಜ ಒಬ್ಬ ಯಹೂದಿ ಅನಾಥ ಹುಡುಗಿಯನ್ನು ರಾಣಿ ಮಾಡಿಕೊಳ್ಳುತ್ತಾನೆ. ಅವಳು ಯಹೂದಿ ಅನ್ನೋದು ಅವನಿಗೆ ಗೊತ್ತಿಲ್ಲ. ಮಂತ್ರಿ ಹಾಮಾನ ಯಹೂದಿಗಳನ್ನೆಲ್ಲ ಕೊಲ್ಲಿಸಲು ಆಜ್ಞೆ ಹೊರಡಿಸುತ್ತಾನೆ. ಅವಳನ್ನು ಸಾಕಿದ ಮೊರ್ದೆಕೈ ಹೇಳಿ ಕಳಿಸುತ್ತಾನೆ, ಇಂಥ ಹೊತ್ತಿಗೆಂದೇ ನೀನು ರಾಣಿಯಾದೆಯೇನೋ, ಯಾರು ಬಲ್ಲರು ಅಂತ. ಕಾದಂಬರಿಯ ಹೆಸರು ಬಂದಿದ್ದು ಈ ಮಾತಿನಿಂದ. ಎಸ್ತೇರ್ ಪ್ರಾಣದ ಹಂಗು ತೊರೆದು ರಾಜನ ಮುಂದೆ ನಿಂತು, ಆ ಜನ ನನ್ನ ಜನ ಅಂತ ಹೇಳಿಬಿಡುತ್ತಾಳೆ. ಜನ ಉಳಿಯುತ್ತಾರೆ. ಅದರ ನೆನಪಿಗೆ ಯಹೂದಿಗಳು ಪೂರಿಮ್ ಹಬ್ಬ ಮಾಡುತ್ತಾರೆ. ಮಕ್ಕಳೆಲ್ಲ ವೇಷ ಹಾಕುವ, ಗದ್ದಲದ ಹಬ್ಬ.

ಥೆರೆಸಿಯನ್‌ಸ್ಟಾಟ್ ಮಾತ್ರ ಯಾರೋ ಕಲ್ಪಿಸಿದ ಊರಲ್ಲ. ಈಗಿನ ಚೆಕ್ ದೇಶದಲ್ಲಿ ಟೆರೆಝಿನ್ ಎಂಬ ಕೋಟೆ ಊರು. 1941ರ ನವೆಂಬರ್‌ನಿಂದ 1945ರ ಮೇ ವರೆಗೆ ಅಲ್ಲಿಗೆ ಸುಮಾರು 1,40,000 ಯಹೂದಿಗಳನ್ನು ತಂದರು. ಸುಮಾರು 33,000 ಜನ ಅಲ್ಲೇ ಹಸಿವು, ಕಾಯಿಲೆಗಳಿಂದ ಸತ್ತರು. ಸುಮಾರು 88,000 ಜನರನ್ನು ರೈಲು ಹತ್ತಿಸಿ ಆಶ್ವಿಟ್ಜ್, ಟ್ರೆಬ್ಲಿಂಕಾದಂಥ ಕೊಲ್ಲುವ ಶಿಬಿರಗಳಿಗೆ ಕಳಿಸಿದರು. 1944ರ ಜೂನ್ 23ರಂದು ರೆಡ್ ಕ್ರಾಸ್‌ನವರು ನೋಡಲು ಬಂದಾಗ ಗೋಡೆಗೆ ಬಣ್ಣ ಬಳಿದು, ಹೂಗಿಡ ನೆಟ್ಟು ಎಲ್ಲ ಚೆನ್ನಾಗಿದೆ ಅಂತ ತೋರಿಸಿದರು. ಅಲ್ಲಿಗೆ ಮೂವರು ಮುಖ್ಯಾಧಿಕಾರಿಗಳಿದ್ದರು. ಝೈಡ್ಲ್ ಮತ್ತು ರಾಮ್ ಎಂಬಿಬ್ಬರನ್ನು 1947ರಲ್ಲಿ ಗಲ್ಲಿಗೇರಿಸಿದರು. ಬುರ್ಗರ್ ಎಂಬವನು ತಪ್ಪಿಸಿಕೊಂಡು, ಸುಳ್ಳು ಹೆಸರಿನಲ್ಲಿ 1991ರವರೆಗೆ ಬದುಕಿದ. ಗಮನಿಸಿ: ನಿಜವಾದ ಥೆರೆಸಿಯನ್‌ಸ್ಟಾಟ್‌ನಲ್ಲಿ ಹೆಸರು ಬದಲಿಸಿಕೊಂಡು ಪಾರಾದವನು ಮುಖ್ಯಾಧಿಕಾರಿ.

ಅದೇ ಊರಲ್ಲಿ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬ ಕಲಾವಿದೆ ಮಕ್ಕಳಿಗೆ ಚಿತ್ರ ಬಿಡಿಸುವುದನ್ನು ಕಲಿಸುತ್ತಿದ್ದಳು. 1944ರ ಅಕ್ಟೋಬರ್‌ನಲ್ಲಿ ಅವಳನ್ನೂ ಆಶ್ವಿಟ್ಜ್‌ಗೆ ಕಳಿಸಿ ಕೊಂದರು. ಹೋಗುವ ಮೊದಲು ಮಕ್ಕಳ ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸಿನಲ್ಲಿ ತುಂಬಿ ಬಚ್ಚಿಟ್ಟಿದ್ದಳು. ಅವು ಈಗ ಪ್ರಾಗ್‌ನ ಯಹೂದಿ ಮ್ಯೂಸಿಯಂನಲ್ಲಿವೆ. ಬರೆದ ಮಕ್ಕಳಲ್ಲಿ ಹೆಚ್ಚಿನವರು ಬದುಕಲಿಲ್ಲ. ಪ್ರೇಮಕಥೆಗೆ ಆರಿಸಿಕೊಂಡ ಜಾಗ ಇದು.

ಪುಸ್ತಕ ಪಟ್ಟಿಗೆ ಹೇಗೆ ಬಂತು ಅನ್ನೋದು ನನ್ನ ಮಟ್ಟಿಗೆ ಈ ಪ್ರಕರಣದ ಮುಖ್ಯ ಭಾಗ. ರೀಟಾ ಬಹುಮಾನಕ್ಕೆ ಬೇರೆ ತಜ್ಞರ ಸಮಿತಿ ಇರಲಿಲ್ಲ. ಲೇಖಕರೇ ಒಬ್ಬರ ಪುಸ್ತಕ ಇನ್ನೊಬ್ಬರು ಓದಿ ಅಂಕ ಕೊಡುತ್ತಿದ್ದರು. ಒಬ್ಬೊಬ್ಬರೂ ಮನೆಯಲ್ಲಿ ಕೂತು ಓದುವುದು, ಅಂಕ ಹಾಕಿ ಕಳಿಸುವುದು. ಹೆಚ್ಚು ಅಂಕದವು ಪಟ್ಟಿಗೆ. ಓದಿದವರು ಒಟ್ಟಿಗೆ ಕೂತು ಮಾತಾಡುವುದೇ ಇಲ್ಲ. ಸಂಘದ ಪ್ರಕಾರ ರೊಮ್ಯಾನ್ಸ್ ಅಂದರೆ ಎರಡು ಲಕ್ಷಣ: ನಡುವೆ ಒಂದು ಪ್ರೇಮಕಥೆ ಇರಬೇಕು, ಕೊನೆ ಮನಸ್ಸಿಗೆ ತೃಪ್ತಿ ಕೊಟ್ಟು ಭರವಸೆ ಮೂಡಿಸಬೇಕು. ಈ ಅಳತೆಗೋಲು ಹಿಡಿದರೆ ನಮ್ಮ ಪುಸ್ತಕ ಸಲೀಸಾಗಿ ದಾಟುತ್ತೆ. ಪ್ರೇಮ ಇದೆ. ಸುಖಾಂತ ಇದೆ. ದೇವರೂ ಇದ್ದಾನೆ. ಹೀಗಾಗಿ ಅಂಕ ಕೊಟ್ಟವರು ಕೆಟ್ಟವರು ಅಂತ ನನಗೆ ಅನ್ನಿಸುವುದಿಲ್ಲ. ಕೇಳಿದ್ದಕ್ಕೆ ಉತ್ತರ ಬರೆದಿದ್ದಾರೆ, ಅಷ್ಟೆ.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಕೆಲವು ವರ್ಷದ ಹಿಂದೆ ಒಂದು ಕಥಾಸ್ಪರ್ಧೆಗೆ ತೀರ್ಪುಗಾರಳಾಗಿದ್ದೆ. ಭಾಷೆಗೆ ಇಷ್ಟು, ವಸ್ತುವಿಗೆ ಇಷ್ಟು, ನಿರೂಪಣೆಗೆ ಇಷ್ಟು ಅಂತ ನಮೂನೆ ಕೊಟ್ಟಿದ್ದರು. ಒಂದು ಕಥೆಯಲ್ಲಿ ಸಿಗ್ನಲ್ ಹತ್ತಿರ ನಿಲ್ಲುವ ಮಂಗಳಮುಖಿಯೊಬ್ಬಳು ಬರುತ್ತಾಳೆ. ನಾಯಕನ ಕಾಯಿಲೆಯ ಮಗುವಿಗೆ ಹರಸುತ್ತಾಳೆ, ತನ್ನ ದುಡ್ಡೆಲ್ಲ ಆಸ್ಪತ್ರೆಗೆ ಕೊಡುತ್ತಾಳೆ, ಮರುದಿನ ಅಪಘಾತದಲ್ಲಿ ಸಾಯುತ್ತಾಳೆ. ನಾಯಕನಿಗೆ ಜ್ಞಾನೋದಯ. ನನಗೆ ಕಣ್ಣಲ್ಲಿ ನೀರು ಬಂತು. ಚೆನ್ನಾಗಿ ಅಂಕ ಕೊಟ್ಟೆ. ಇನ್ನೊಬ್ಬ ತೀರ್ಪುಗಾರ್ತಿ ಫೋನ್ ಮಾಡಿ, "ಅಲ್ಲ ಮೇಡಂ, ಅವಳಿಗೊಂದು ಹೆಸರೂ ಇಲ್ವಲ್ಲ, ನೋಡಿದ್ರಾ?" ಅಂದರು. ನಾನು ನೋಡಿರಲಿಲ್ಲ. ನಮೂನೆಯಲ್ಲಿ ಅದನ್ನು ಕೇಳುವ ಕಾಲಂ ಇರಲಿಲ್ಲ ಅಂತ ಈಗ ನೆಪ ಹೇಳಬಹುದು. ಅವರ ಕೈಯಲ್ಲೂ ಅದೇ ನಮೂನೆ ಇತ್ತಲ್ಲ.

ಮತ್ತೆ ರೀಟಾ ಕಥೆಗೆ. ಜುಲೈನಲ್ಲಿ ನ್ಯೂಯಾರ್ಕ್‌ನಲ್ಲಿ ಸಮಾರಂಭ ನಡೆಯಿತು. ಪುಸ್ತಕಕ್ಕೆ ಬಹುಮಾನ ಬರಲಿಲ್ಲ. ಎಲ್ಲ ಮುಗಿದ ಮೇಲೆ, ಆಗಸ್ಟ್ ಮೊದಲ ವಾರ ಸಾರಾ ವೆಂಡೆಲ್ ಸಂಘಕ್ಕೆ ಬಹಿರಂಗ ಪತ್ರ ಬರೆದರು. ಪ್ರೇಮಕಾದಂಬರಿಗಳ ಬಗ್ಗೆ ವರ್ಷಗಳಿಂದ ಬರೆಯುತ್ತಾ ಬಂದವರು, ಅವುಗಳ ಪರವಾಗಿ ಜಗಳ ಆಡಿದವರು. ಯಹೂದಿ ಕೂಡ. ಹೊರಗಿನಿಂದ ಬಂದು ಪ್ರೇಮಕಥೆ ಅಂದರೆ ಮೂಗು ಮುರಿಯುವ ವಿಮರ್ಶಕರಲ್ಲ. ಹಾಗಾಗಿಯೇ ಪತ್ರ ನಾಟಿತು.

ಅವರ ವಾದದಲ್ಲಿ ಮೂರು ಎಳೆ. ಮೊದಲನೆಯದು, ಅಧಿಕಾರದ ಮಾತು. ಅವನ ಒಂದು ಸನ್ನೆಯ ಮೇಲೆ ಅವಳ ಪ್ರಾಣ ನಿಂತಿದೆ. ಅಂಥ ಕಡೆ 'ಹೂಂ' ಅಂದರೂ ಅದು ಒಪ್ಪಿಗೆ ಹೇಗಾಗುತ್ತೆ? ಎರಡನೆಯದು, ಲಕ್ಷಾಂತರ ಜನರ ಸಾವು ಇಲ್ಲಿ ಒಬ್ಬ ಕೊಲೆಗಾರನ ಮನಸ್ಸು ತಿದ್ದಲು ಇಟ್ಟ ಹಿನ್ನೆಲೆ ಪರದೆಯಾಗಿದೆ. ಮೂರನೆಯದು ಮತಾಂತರ. ಯೂರೋಪಿನಲ್ಲಿ ಶತಮಾನಗಳ ಕಾಲ ಯಹೂದಿಗಳ ಮುಂದೆ ಇಟ್ಟಿದ್ದ ಆಯ್ಕೆ ಇದೇ ಆಗಿತ್ತು, ಧರ್ಮ ಬಿಡು ಇಲ್ಲ ಊರು ಬಿಡು, ಕೆಲವು ಸಲ ಪ್ರಾಣ ಬಿಡು. ಹಾಲೊಕಾಸ್ಟ್ ಅಂದರೆ ನಾಜಿಗಳು ನಡೆಸಿದ ಯಹೂದಿಗಳ ನರಮೇಧ; ಅದರ ನಡುವೆ ನಿಂತ ಯಹೂದಿ ಹೆಣ್ಣಿಗೆ ಧರ್ಮ ಬಿಡುವುದನ್ನೇ ಸುಖಾಂತ ಅಂತ ಕೊಟ್ಟರೆ, ಅದನ್ನು ಓದುವ ಯಹೂದಿಗೆ ಹೇಗಾಗಬೇಡ?

ಲೇಖಕಿ ಕ್ಷಮೆ ಕೇಳಿದರು. ನೋಯಿಸುವ ಉದ್ದೇಶ ಇರಲಿಲ್ಲ, ಯಹೂದಿಗಳ ಮೇಲಿನ ಕಾಳಜಿಯಿಂದಲೇ ಬರೆದೆ ಎಂಬ ಅರ್ಥದ ಮಾತಾಡಿದರು. ನಾನು ಅದನ್ನು ನಂಬುತ್ತೇನೆ. ಪ್ರೀತಿಯಿಂದ ಬರೆದದ್ದೂ ಇನ್ನೊಬ್ಬರ ಮೈಮೇಲೆ ಬೀಳಬಹುದು. ಸಂಘದ ಮಂಡಳಿಯ ಉತ್ತರ ಮಾತ್ರ ಬೇರೆ ಥರ ಇತ್ತು. ಸ್ಪರ್ಧೆಗೆ ಬರುವ ಪುಸ್ತಕದ ವಸ್ತುವಿನ ಮೇಲೆ ನಿರ್ಬಂಧ ಹಾಕಿದರೆ ಅದು ಸೆನ್ಸಾರ್ ಆಗುತ್ತೆ, ಇವತ್ತು ಒಂದು ಪುಸ್ತಕ ಬೇಡ ಅಂದರೆ ನಾಳೆ ಇನ್ನೊಂದು ಬೇಡ ಅಂತ ಬರುತ್ತಾರೆ, ಅಂತ ಅವರ ವಾದ.

ಈ ವಾದವನ್ನು ಸುಮ್ನೆ ತಳ್ಳಿಹಾಕಬಾರದು. ಯಾಕೆಂದರೆ ಅಮೆರಿಕದ ಲೈಬ್ರರಿಗಳಲ್ಲಿ ಹೊರಗೆ ಹಾಕಿ ಎಂಬ ಒತ್ತಡ ಕ್ವಿಯರ್ ಕುಟುಂಬಗಳ, ಅಂದರೆ ಸಲಿಂಗಿಗಳು ಮುಂತಾದವರ ಮನೆಗಳ, ಚಿತ್ರಪುಸ್ತಕಗಳ ಮೇಲೂ ಬರುತ್ತದೆ. ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್ ಮೃಗಾಲಯದಲ್ಲಿ ಎರಡು ಗಂಡು ಪೆಂಗ್ವಿನ್‌ಗಳು ಸೇರಿ ಒಂದು ಮರಿ ಬೆಳೆಸಿದ ನಿಜಸಂಗತಿಯ ಮೇಲೆ 2005ರಲ್ಲಿ ಒಂದು ಚಿತ್ರಪುಸ್ತಕ ಬಂತು. ಅದನ್ನು ತೆಗೆಯಿರಿ ಎಂಬ ದೂರುಗಳು ವರ್ಷವರ್ಷವೂ ಬಂದವು. ಹಾಗಾಗಿ ತೆಗೆಯಿರಿ ಎಂಬ ಮಾತು ಕೇಳಿದರೆ ನನಗೂ ಕಿವಿ ನಿಮಿರುತ್ತೆ. ಆದರೆ ವೆಂಡೆಲ್ ಅವರ ಪ್ರಶ್ನೆ ಇದ್ದದ್ದು ಬಹುಮಾನದ ಬಗ್ಗೆ. ಅಂಗಡಿಯಲ್ಲಿ ಪುಸ್ತಕ ಇರುವುದು ಒಂದು. ಇದು ನಮ್ಮ ವರ್ಷದ ಒಳ್ಳೆಯ ಪುಸ್ತಕಗಳಲ್ಲಿ ಒಂದು ಅಂತ ಸಂಘ ಬೆನ್ನು ತಟ್ಟುವುದು ಇನ್ನೊಂದು. ಬಹುಮಾನ ಅಂದಮೇಲೆ ಆರಿಸುವುದೇ ಕೆಲಸ. ನೂರಾರು ಪುಸ್ತಕ ಬಿಟ್ಟು ಕೆಲವನ್ನು ಎತ್ತಿ ಹಿಡಿದ ಮೇಲೆ, ವಸ್ತು ನೋಡಿದರೆ ಸೆನ್ಸಾರ್ ಆಗುತ್ತೆ ಅಂದರೆ ಹೇಗೆ?

ಇನ್ನೊಂದು ಹಳೆಯ ಸಂಗತಿ ಇಲ್ಲಿ ನೆನಪಾಗುತ್ತೆ. 2012ರಲ್ಲಿ ಇದೇ ಸಂಘದ ಓಕ್ಲಹೋಮಾ ಕಡೆಯ ಒಂದು ಶಾಖೆ ತಾನು ನಡೆಸುತ್ತಿದ್ದ ಸ್ಪರ್ಧೆಗೆ ಗಂಡು-ಗಂಡು, ಹೆಣ್ಣು-ಹೆಣ್ಣಿನ ಪ್ರೇಮಕಥೆಗಳನ್ನು ತೆಗೆದುಕೊಳ್ಳುವುದಿಲ್ಲ ಅಂದಿತು. ಕಾರಣ, ಸದಸ್ಯರಿಗೆ ಮುಜುಗರ. ಗಲಾಟೆಯಾಗಿ ಕೊನೆಗೆ ಆ ವರ್ಷದ ಸ್ಪರ್ಧೆಯೇ ನಿಂತಿತು. ಆಗ ಬೇಡ ಅಂದದ್ದು ವಸ್ತು ನೋಡಿಯೇ ಅಲ್ವಾ? ಶಾಖೆ ಬೇರೆ, ಮಂಡಳಿ ಬೇರೆ, ನಿಜ. ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಕಾಣಿಸುತ್ತೆ. ಹೆಚ್ಚಿನ ಜನರಿಗೆ ಮುಜುಗರವಾದರೆ ಬಾಗಿಲು ಮುಚ್ಚಬಹುದು. ಕಡಿಮೆ ಜನರಿಗೆ ನೋವಾದರೆ ಅದು ಸೆನ್ಸಾರ್.

ಈಗ ಎರಡನೇ ಎಸ್ತೇರ್. 2013ರಲ್ಲಿ ಕಾರ್-ಬೆನ್ ಎಂಬ ಯಹೂದಿ ಮಕ್ಕಳ ಪ್ರಕಾಶನ 'ದಿ ಪೂರಿಮ್ ಸೂಪರ್‌ಹೀರೋ' ಎಂಬ ಚಿತ್ರಪುಸ್ತಕ ತಂದಿತು. ಬರೆದವರು ಎಲಿಸಬೆತ್ ಕುಶ್ನರ್, ಚಿತ್ರ ಮೈಕ್ ಬರ್ನ್ ಅವರದು. ಕೇಶೆಟ್ ಎಂಬ ಯಹೂದಿ ಕ್ವಿಯರ್ ಸಂಸ್ಥೆ ನಡೆಸಿದ ಸ್ಪರ್ಧೆಯಲ್ಲಿ ಗೆದ್ದ ಕಥೆ. ನೇಟ್ ಎಂಬ ಹುಡುಗ. ಅವನಿಗೆ ಏಲಿಯನ್ ಅಂದರೆ ಪ್ರಾಣ. ಪೂರಿಮ್ ಹಬ್ಬಕ್ಕೆ ಏಲಿಯನ್ ವೇಷ ಹಾಕಬೇಕು ಅಂತ ಆಸೆ. ಆದರೆ ತರಗತಿಯ ಹುಡುಗರೆಲ್ಲ ಸೂಪರ್‌ಹೀರೋ ಆಗುತ್ತಿದ್ದಾರೆ. ಇವನೊಬ್ಬನೇ ಬೇರೆ ಆಗುವುದಾ? ಮನೆಯಲ್ಲಿ ಕೇಳುತ್ತಾನೆ. ಮನೆಯಲ್ಲಿ ಇಬ್ಬರು ಅಪ್ಪಂದಿರು. ಒಬ್ಬರನ್ನು 'ಡ್ಯಾಡಿ' ಅಂತಾನೆ, ಇನ್ನೊಬ್ಬರನ್ನು ಹೀಬ್ರೂವಿನಲ್ಲಿ 'ಅಬ್ಬಾ' ಅಂತಾನೆ. ಎಸ್ತೇರ್ ತಾನು ಯಾರು ಅಂತ ಮುಚ್ಚಿಟ್ಟಿದ್ದಳು, ಕೊನೆಗೆ ಹೇಳಿಕೊಂಡಾಗಲೇ ಅವಳ ಜನ ಉಳಿದರು ಅನ್ನೋದನ್ನು ಅಪ್ಪ ನೆನಪಿಸುತ್ತಾರೆ. ನೇಟ್ ಎರಡನ್ನೂ ಸೇರಿಸಿ ತನ್ನದೇ ಒಂದು ವೇಷ ಮಾಡಿಕೊಳ್ಳುತ್ತಾನೆ.

ನನಗೆ ಇಷ್ಟವಾದದ್ದು, ಇಬ್ಬರು ಅಪ್ಪಂದಿರು ಇರುವುದು ಕಥೆಯ ಸಮಸ್ಯೆಯೇ ಅಲ್ಲ. ಯಾರೂ ಅದನ್ನು ವಿವರಿಸಲು ಕೂರುವುದಿಲ್ಲ. ಯಾರೂ ಅವರನ್ನು ಆಡಿಕೊಂಡು ಆಮೇಲೆ ತಿದ್ದಿಕೊಳ್ಳುವುದಿಲ್ಲ. ಸಮಸ್ಯೆ ವೇಷದ್ದು, ಯಾವ ಮನೆಯ ಮಗುವಿಗೂ ಬರುವಂಥದ್ದು. ಹಾಗಂತ ಅಪ್ಪಂದಿರು ಸುಮ್ನೆ ಅಲಂಕಾರಕ್ಕೂ ಇಲ್ಲ. ಮುಚ್ಚಿಡುವುದು ಅಂದರೇನು, ಹೇಳಿಕೊಳ್ಳುವುದು ಅಂದರೇನು ಅಂತ ಚೆನ್ನಾಗಿ ಬಲ್ಲವರ ಬಾಯಿಂದ ಎಸ್ತೇರಳ ಕಥೆ ಬರುತ್ತಿದೆ. ಮಗುವಿಗೆ ಅದು ತಿಳಿಯದೇ ಇರಬಹುದು. ಓದಿ ಹೇಳುವ ದೊಡ್ಡವರಿಗೆ ತಿಳಿಯುತ್ತೆ. ಕುಸುರಿ ಕೆಲಸ ಅಂದರೆ ಅದು.

ಇದಕ್ಕೂ ತಕರಾರು ತಪ್ಪಲಿಲ್ಲ. ಯಹೂದಿ ಮನೆಗಳಿಗೆ ತಿಂಗಳು ತಿಂಗಳು ಉಚಿತವಾಗಿ ಮಕ್ಕಳ ಪುಸ್ತಕ ಕಳಿಸುವ ಪಿಜೆ ಲೈಬ್ರರಿ ಎಂಬ ಯೋಜನೆ ಅಲ್ಲಿದೆ. ಬೇರೆ ಪುಸ್ತಕಗಳು ತಾನಾಗಿಯೇ ಮನೆಗೆ ಬರುತ್ತವೆ. ಈ ಪುಸ್ತಕ ಮಾತ್ರ ಬೇಕು ಅಂತ ಕೇಳಿದವರಿಗೆ ಅಂತ 2014ರಲ್ಲಿ ಇಟ್ಟರು. ಇಟ್ಟಿದ್ದು ಬೇಗ ಖಾಲಿಯಾಯಿತು. ಕೇಳಿ ತರಿಸಿಕೊಳ್ಳಬೇಕು ಅನ್ನುವುದೇ ತಪ್ಪು ಅಂತ ಒಂದಷ್ಟು ಜನ, ಕೊಟ್ಟಿದ್ದೇ ತಪ್ಪು ಅಂತ ಇನ್ನಷ್ಟು ಜನ.

ಒಂದೇ ಎಸ್ತೇರ್, ಎರಡು ಓದು. ಚಿತ್ರಪುಸ್ತಕದ ಎಸ್ತೇರ್ ತಾನು ಯಾರು ಅಂತ ಹೇಳಿ ಗೆಲ್ಲುತ್ತಾಳೆ. ಕಾದಂಬರಿಯ ಹದಸ್ಸಾಳಿಗೆ ಗೆಲುವು ಬರುವ ಹೊತ್ತಿಗೆ ಅವಳ ಧರ್ಮ ಕೈಬಿಟ್ಟಿರುತ್ತದೆ. ವಿಚಿತ್ರ ಅಂದರೆ ಹೀಬ್ರೂ ಬೈಬಲಿನ ಎಸ್ತೇರ್ ಪುಸ್ತಕದಲ್ಲಿ ದೇವರ ಹೆಸರೇ ಬರುವುದಿಲ್ಲ. ಯಾವ ಪವಾಡವೂ ಇಲ್ಲ. ಇಡೀ ಕಥೆ ಒಬ್ಬ ಹೆಣ್ಣಿನ ಧೈರ್ಯದ ಮೇಲೆ ನಿಂತಿದೆ. ಅದೇ ಕಥೆಗೆ ಮತ್ತೆ ಮತ್ತೆ ಕೈಗೆ ಸಿಗುವ ಬೈಬಲ್ ಸೇರಿದಾಗ, ಧೈರ್ಯ ಅವಳ ಕೈಯಿಂದ ಜಾರಿ ಬೇರೆ ಕಡೆ ಹೋಯಿತು ಅಂತ ನನಗೆ ಅನ್ನಿಸುತ್ತೆ.

ಹಾಗಾದರೆ ತೀರ್ಪುಗಾರರು ಕೇಳಬೇಕಿದ್ದ ಪ್ರಶ್ನೆ ಯಾವುದು? ಪಾತ್ರ ಯಹೂದಿಯೋ ಅಲ್ಲವೋ, ಕ್ವಿಯರೋ ಅಲ್ಲವೋ ಅಂತ ಎಣಿಸಿದರೆ ಈ ಕಾದಂಬರಿ ಪಾಸು. ನಾಯಕಿಯೇ ಯಹೂದಿ. ಅವಳು ಒಳ್ಳೆಯವಳು, ಧೈರ್ಯವಂತೆ ಅಂತ ನೋಡಿದರೂ ಪಾಸು. ನಾನು ಕೇಳುವುದು ಒಂದೇ: ಈ ಸುಖಾಂತಕ್ಕೆ ಬೆಲೆ ತೆತ್ತವರು ಯಾರು? ಕಥೆ ಮುಗಿಯುವ ಹೊತ್ತಿಗೆ ಯಾರು ಏನನ್ನು ಬಿಟ್ಟುಕೊಟ್ಟರು? ಪ್ರೇಮಕಥೆಯಲ್ಲಿ ಇಬ್ಬರೂ ಏನಾದರೂ ಬಿಡುತ್ತಾರೆ, ಸರಿ. ಇಲ್ಲಿ ಅಧಿಕಾರಿ ಬಿಟ್ಟದ್ದು ತನ್ನ ಪಾಪವನ್ನು. ಅವಳು ಬಿಟ್ಟದ್ದು ತನ್ನ ಜನರ ದಾರಿಯನ್ನು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಸಮ ಆಯ್ತು ಅಂದರೆ, ತಕ್ಕಡಿಯಲ್ಲೇ ಏನೋ ಐಬಿದೆ.

ಯಾರು ಓದುತ್ತಾರೆ ಅನ್ನೋದೂ ಮುಖ್ಯ. ಯಹೂದಿ ಲೈಬ್ರರಿಗಳ ಒಕ್ಕೂಟ 1968ರಿಂದ ಮಕ್ಕಳ ಪುಸ್ತಕಗಳಿಗೆ ಬಹುಮಾನ ಕೊಡುತ್ತಿದೆ, ಈಗ ಅದಕ್ಕೆ ಲೇಖಕಿ ಸಿಡ್ನಿ ಟೇಲರ್ ಅವರ ಹೆಸರಿದೆ. ಅಮೆರಿಕದ ಲೈಬ್ರರಿ ಸಂಘ 2010ರಿಂದ, ಕ್ವಿಯರ್ ಬದುಕಿನ ಪುಸ್ತಕಗಳಿಗೆ ಕೊಡುವ ಸ್ಟೋನ್‌ವಾಲ್ ಬಹುಮಾನದಲ್ಲಿ ಮಕ್ಕಳ ವಿಭಾಗ ಇಟ್ಟಿದೆ. ಅಲ್ಲಿ ಸಮಿತಿಯವರು ಪುಸ್ತಕಗಳ ಬಗ್ಗೆ ಸೇರಿ ಚರ್ಚೆ ಮಾಡುತ್ತಾರೆ, ಒಬ್ಬರ ಕಣ್ಣಿಗೆ ಬೀಳದ್ದು ಇನ್ನೊಬ್ಬರಿಗೆ ಬೀಳುತ್ತೆ. ರೀಟಾದಲ್ಲಿ ಆ ಫೋನ್ ಕರೆ ಬರುವ ದಾರಿಯೇ ಇರಲಿಲ್ಲ.

ಸಂಘ ಪಾಠ ಕಲಿಯಿತೇ? 2019ರ ಕೊನೆಗೆ ಕೋರ್ಟ್ನಿ ಮಿಲನ್ ಎಂಬ ಲೇಖಕಿ ಒಂದು ಹಳೆಯ ಕಾದಂಬರಿಯಲ್ಲಿ ಚೀನೀಯರ ಚಿತ್ರಣ ಜನಾಂಗದ್ವೇಷದ್ದು ಅಂದದ್ದಕ್ಕೆ ಅವರ ಮೇಲೆಯೇ ಕ್ರಮ ತೆಗೆದುಕೊಂಡು, ದೊಡ್ಡ ರಾದ್ಧಾಂತವಾಗಿ, ನಿರ್ಧಾರ ವಾಪಸ್ ತೆಗೆದುಕೊಂಡರು. ರೀಟಾ ನಿಂತಿತು. ಅದರ ಜಾಗದಲ್ಲಿ ವಿವಿಯನ್ ಎಂಬ ಹೊಸ ಬಹುಮಾನ ಬಂತು. ಸಂಘ ಕಟ್ಟಿದವರಲ್ಲಿ ಒಬ್ಬರಾದ ಕಪ್ಪು ಸಂಪಾದಕಿ ವಿವಿಯನ್ ಸ್ಟೀಫನ್ಸ್ ಅವರ ಹೆಸರು. ಈ ಸಲ ಅಂಕಕ್ಕೆ ಹೊಸ ನಮೂನೆ, ತೀರ್ಪುಗಾರರಿಗೆ ತರಬೇತಿ. 2021ರಲ್ಲಿ ಮೊದಲ ಸಲ ಕೊಟ್ಟಾಗ ನಂಬಿಕೆಯ ವಿಭಾಗದಲ್ಲಿ ಗೆದ್ದ ಕಾದಂಬರಿಯ ನಾಯಕ, 1890ರ ಡಿಸೆಂಬರ್ 29ರಂದು ವೂಂಡೆಡ್ ನೀ ಎಂಬಲ್ಲಿ ಲಕೋಟಾ ಮೂಲನಿವಾಸಿಗಳನ್ನು ಕೊಂದ ಅಮೆರಿಕದ ಸೇನೆಯಲ್ಲಿದ್ದವನು. ಹೆಂಗಸರು ಮಕ್ಕಳೂ ಸೇರಿ 250ಕ್ಕೂ ಹೆಚ್ಚು ಜನ ಸತ್ತ ದಿನ ಅದು. ಅವನು ದೇವರ ಕ್ಷಮೆ ಬೇಡುತ್ತಾನೆ, ಮುಂದೆ ಅವನಿಗೊಂದು ಪ್ರೇಮಕಥೆ ಸಿಗುತ್ತೆ. ಮತ್ತೆ ಕೊಂದವನ ಮನಸ್ಸಿನ ಕಥೆ, ಸತ್ತವರು ಮತ್ತೆ ಹಿನ್ನೆಲೆಗೆ. ಸಂಘ ಮೊದಲು ಸಮರ್ಥಿಸಿಕೊಂಡು, ಕೆಲವೇ ದಿನಗಳಲ್ಲಿ ಬಹುಮಾನ ವಾಪಸ್ ಪಡೆಯಿತು. ಹಿಂದೆ ಸುಮಾರು 10,000 ಇದ್ದ ಸದಸ್ಯರು 2,000ಕ್ಕೆ ಇಳಿದು, 2024ರ ಮೇನಲ್ಲಿ ಸಂಘ ದಿವಾಳಿ ಅರ್ಜಿ ಹಾಕಿತು. ಹಣದ ತೊಂದರೆಗೆ ಬೇರೆ ಕಾರಣಗಳೂ ಇದ್ದವು. ಬಿಟ್ಟು ಹೋದ ಸದಸ್ಯರು ಮಾತ್ರ ಮರಳಲಿಲ್ಲ.

ಹೊಸ ನಮೂನೆ ಇದ್ದೂ ಯಾಕೆ ಹೀಗಾಯಿತು ಅಂತ ಯೋಚಿಸುತ್ತಿದ್ದೆ. ಕಾಲಂ ಸೇರಿಸಿದರೆ ಕಣ್ಣು ಬರುವುದಿಲ್ಲ ಅಂತ ಕಾಣುತ್ತೆ. ಪಶ್ಚಾತ್ತಾಪದ ಕಥೆಯನ್ನು ಇಷ್ಟಪಟ್ಟು ಓದುವವರಿಗೆ ಯಾರು ಪಶ್ಚಾತ್ತಾಪ ಪಡುತ್ತಿದ್ದಾರೋ ಅವರೇ ಕಾಣುತ್ತಾರೆ. ನನಗೂ ಸಿಗ್ನಲ್ ಹತ್ತಿರ ನಿಂತವಳು ಕಾಣಲಿಲ್ಲ, ಕಾರಿನೊಳಗೆ ಅಳುತ್ತಿದ್ದವನು ಕಂಡ.

ಆ ಸ್ಪರ್ಧೆಗೆ ಈಗಲೂ ಕರೆಯುತ್ತಾರೆ. ನಮೂನೆ ಅದೇ. ಅಂಕ ಹಾಕುವ ಮೊದಲು ಕಥೆಯ ಕೊನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತೇನೆ: ಯಾರು, ಏನು ಬಿಟ್ಟರು. ಹೋದ ಸಲ ಒಂದು ಕಥೆಗೆ ಹಾಗೆ ಬರೆದು ನೋಡಿ, ಅಂಕ ಕಡಿಮೆ ಕೊಟ್ಟೆ. ಕಾರಣವನ್ನೂ ಹೇಳಿದೆ. ನಮ್ಮ ಹಿರಿಯ ತೀರ್ಪುಗಾರರು ಕನ್ನಡಕ ತೆಗೆದು, "ಕಥೇಲಿ ಇದನ್ನೆಲ್ಲ ಯಾಕಮ್ಮ ಹುಡುಕ್ತೀರ, ಚೆನ್ನಾಗಿದೆಯಲ್ಲ" ಅಂದರು. ಚೆನ್ನಾಗಿಯೇ ಇತ್ತು. ಆ ಕಥೆಗೆ ಎರಡನೇ ಬಹುಮಾನ ಬಂತು.